ಡಾಡ್ಜ್ ಸಿಟಿಯ ಇಬ್ಬರು ಮಾರ್ಷಲರು: ‘ಗನ್‌ಸ್ಮೋಕ್’ ಸರಣಿಯ 23 ವರ್ಷಗಳು

ಅಮೆರಿಕದ ಪ್ರಸಾರ ಮಾಧ್ಯಮಗಳ ಇತಿಹಾಸದಲ್ಲಿ ‘ಗನ್‌ಸ್ಮೋಕ್’ ಎಂಬ ಹೆಸರು ಬಹುತೇಕ ಯಾವಾಗಲೂ ಟೆಲಿವಿಷನ್ನಿನ ದಾಖಲೆಯೊಂದಾಗಿಯೇ ಪ್ರಸ್ತಾಪಕ್ಕೆ ಬರುತ್ತದೆ. 1955ರ ಸೆಪ್ಟೆಂಬರ್ 10ರಂದು ಸಿಬಿಎಸ್ ಜಾಲದಲ್ಲಿ ಆರಂಭವಾದ ಈ ಸರಣಿ 1975ರ ಮಾರ್ಚ್ 31ರವರೆಗೆ ಇಪ್ಪತ್ತು ಸೀಸನ್‌ಗಳಲ್ಲಿ, ಅಂದರೆ ಶರತ್ಕಾಲದಲ್ಲಿ ಮೊದಲಾಗಿ ವಸಂತದಲ್ಲಿ ಮುಗಿಯುವ ಇಪ್ಪತ್ತು ಪ್ರಸಾರ ವರ್ಷಗಳಲ್ಲಿ, 635 ಕಂತುಗಳನ್ನು ಕಂಡಿತು. ಆದರೆ ಅದು ಹುಟ್ಟಿದ್ದು ಅದಕ್ಕೂ ಮೂರು ವರ್ಷ ಮೊದಲು, 1952ರ ಏಪ್ರಿಲ್ 26ರಂದು, ರೇಡಿಯೊದಲ್ಲಿ. ಅಲ್ಲಿ ಅದು 1961ರ ಜೂನ್ 18ರವರೆಗೆ 480 ಕಂತುಗಳಷ್ಟು ಬಾಳಿತು. ಮಾರ್ಷಲ್ ಮ್ಯಾಟ್ ಡಿಲ್ಲನ್ ಎಂಬ ಪಾತ್ರ, ಅವನ ಸುತ್ತಲಿನ ನಾಲ್ಕಾರು ಜನ, ಅವರ ಮಾತಿನ ಧಾಟಿ, ಹಿಂಸೆಯನ್ನು ಕುರಿತ ಆ ಸರಣಿಯ ವಿಷಾದಭರಿತ ನಿಲುವು, ಇವೆಲ್ಲವೂ ಟೆಲಿವಿಷನ್ ಕ್ಯಾಮೆರಾ ಬರುವ ಮೊದಲೇ ಸಿದ್ಧವಾಗಿದ್ದವು. ಅವನ್ನು ಸಿದ್ಧಪಡಿಸಿದವರಲ್ಲಿ ಕೆಲವರಷ್ಟೇ ಟೆಲಿವಿಷನ್ನಿನವರೆಗೆ ಬಂದರು, ಪಾತ್ರಗಳಿಗೆ ದನಿ ಕೊಟ್ಟ ನಟರಿಗೆ ಅಲ್ಲಿ ಜಾಗ ಸಿಗಲಿಲ್ಲ. ಈ ಸರಣಿಯ ಚರಿತ್ರೆಯನ್ನು ನ್ಯಾಯವಾಗಿ ಬರೆಯಬೇಕಾದರೆ ಆ ದನಿಗಳಿಂದಲೇ ಮೊದಲುಮಾಡಬೇಕಾಗುತ್ತದೆ.

‘ವೆಸ್ಟರ್ನ್’ ಎಂದು ಕರೆಯಲಾಗುವ ಕಥಾಪ್ರಕಾರದ ಭೂಮಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಅಮೆರಿಕದ ಪಶ್ಚಿಮ ಪ್ರಾಂತ. ಅಂತರ್ಯುದ್ಧ 1865ರಲ್ಲಿ ಮುಗಿದ ಮೇಲೆ ಟೆಕ್ಸಸ್‌ನ ಬಯಲುಗಳಲ್ಲಿ ಲಕ್ಷಗಟ್ಟಲೆ ಉಳಿದಿದ್ದ ನೀಳಗೊಂಬಿನ ದನಗಳಿಗೆ ಪೂರ್ವದ ನಗರಗಳಲ್ಲಿ ಒಳ್ಳೆಯ ಬೆಲೆಯಿತ್ತು. ಅವನ್ನು ರೈಲಿಗೆ ಏರಿಸಬೇಕಾದರೆ ಮಾತ್ರ ಉತ್ತರದ ಕನ್ಸಾಸ್ ರಾಜ್ಯದವರೆಗೆ ನೂರಾರು ಮೈಲಿ ನಡೆಸಿಕೊಂಡು ಹೋಗಬೇಕಾಗಿತ್ತು. ಹೀಗೆ ಮಂದೆ ಹೊಡೆದುಕೊಂಡು ಹೋಗುತ್ತಿದ್ದ ದನಗಾಹಿಗಳೇ ‘ಕೌಬಾಯ್’ಗಳು, ರೈಲು ಹಳಿ ಹಾದುಹೋಗುವಲ್ಲಿ ಅವರನ್ನು ಎದುರುಗೊಳ್ಳಲು ಎದ್ದುನಿಂತವೇ ಅಬಿಲೀನ್, ಎಲ್ಸ್‌ವರ್ತ್, ವಿಚಿಟಾ, ಡಾಡ್ಜ್ ಸಿಟಿ ಮುಂತಾದ ದನದ ಪೇಟೆಗಳು. ಟೆಕ್ಸಸ್‌ನ ದನಗಳ ಮೈಮೇಲಿನ ಉಣ್ಣೆಗಳಿಂದ ಹರಡುತ್ತಿದ್ದ ಜ್ವರ ಸ್ಥಳೀಯ ರಾಸುಗಳನ್ನು ಕೊಲ್ಲುತ್ತಿದ್ದುದರಿಂದ ಕನ್ಸಾಸ್ ಸರ್ಕಾರ ಆ ಮಂದೆಗಳು ದಾಟಬಾರದ ಗಡಿರೇಖೆಯೊಂದನ್ನು ಗೊತ್ತುಮಾಡಿ, ರೈತರ ನೆಲೆಗಳು ಬೆಳೆದಂತೆ ಅದನ್ನು ಪಶ್ಚಿಮಕ್ಕೆ ಸರಿಸುತ್ತ ಹೋಯಿತು, ವ್ಯಾಪಾರವೂ ಅದರ ಜೊತೆಗೇ ಒಂದು ಊರಿನಿಂದ ಇನ್ನೊಂದಕ್ಕೆ ಸರಿಯಿತು.

ಡಾಡ್ಜ್ ಸಿಟಿ ಹುಟ್ಟಿದ್ದು 1872ರಲ್ಲಿ, ಅರ್ಕಾನ್ಸಾ ನದಿಯ ದಂಡೆಯ ಸೈನಿಕ ಕೋಟೆಯೊಂದರ ಪಶ್ಚಿಮಕ್ಕೆ ಕೆಲವು ಮೈಲಿ ದೂರದಲ್ಲಿ. ಸಾಂಟಾ ಫೆ ರೈಲ್ವೆಯ ಹಳಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಲ್ಲಿಗೆ ಮುಟ್ಟಿತು. ಆರಂಭದ ವರ್ಷಗಳಲ್ಲಿ ಊರಿನ ಸಂಪತ್ತೆಲ್ಲ ಬೈಸನ್ ಎಂಬ ಕಾಡುಪ್ರಾಣಿಯ ಚರ್ಮದ ವ್ಯಾಪಾರದಿಂದ ಬಂದಿತು, ಆ ಪ್ರಾಣಿಗಳನ್ನು ಕೊಂದು ಮುಗಿಸಿದ ಮೇಲೆ 1870ರ ದಶಕದ ನಡುವಿನಿಂದ ದನದ ವ್ಯಾಪಾರ ಅದರ ಜಾಗವನ್ನು ಹಿಡಿಯಿತು. ವಯಟ್ ಅರ್ಪ್, ಬ್ಯಾಟ್ ಮಾಸ್ಟರ್‌ಸನ್ ಮೊದಲಾದವರು ಅಲ್ಲಿ ಕಾನೂನು ಪಾಲಕರಾಗಿ ಕೆಲಸಮಾಡಿದ್ದು ನಿಜ, ಲಾಂಗ್ ಬ್ರಾಂಚ್ ಎಂಬ ಪಾನಗೃಹ ಫ್ರಂಟ್ ಸ್ಟ್ರೀಟಿನಲ್ಲಿ ಇದ್ದದ್ದೂ ನಿಜ. ಆದರೆ ದಿನಬೆಳಗಾದರೆ ಗುಂಡಿನ ಕಾಳಗ ನಡೆಯುತ್ತಿತ್ತೆಂಬುದು ಕಟ್ಟುಕಥೆ. ಇತಿಹಾಸಕಾರ ರಾಬರ್ಟ್ ಡಿಕ್‌ಸ್ಟ್ರಾ 1968ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 1870ರಿಂದ 1885ರವರೆಗೆ ಕನ್ಸಾಸ್‌ನ ಐದು ದನದ ಪೇಟೆಗಳಲ್ಲಿ ಒಟ್ಟು ನಡೆದ ಕೊಲೆಗಳು 45. ಡಾಡ್ಜ್ ಸಿಟಿಯಲ್ಲಿ ಪುರಸಭೆ ರಚನೆಯಾಗುವುದಕ್ಕೆ ಮುಂಚಿನ ಅರಾಜಕ ದಿನಗಳ ಸಾವುಗಳು ಈ ಲೆಕ್ಕಕ್ಕೆ ಸೇರಿಲ್ಲ ಎಂಬುದನ್ನು ಗಮನದಲ್ಲಿಟ್ಟರೂ, ಟೆಲಿವಿಷನ್ನಿನ ಡಿಲ್ಲನ್ ಒಂದೆರಡು ಸೀಸನ್ನಿನಲ್ಲೇ ಈ ಸಂಖ್ಯೆಯ ಹತ್ತಿರ ಬಂದಿರಬಹುದು. ವ್ಯಾಪಾರಿಗಳಿಗೆ ಬೇಕಾಗಿದ್ದು ದನಗಾಹಿಗಳ ಕೂಲಿಯ ಹಣ, ಅವರ ಹೆಣವಲ್ಲ. ಆದ್ದರಿಂದಲೇ ಊರೊಳಗೆ ಬಂದೂಕು ಹೊತ್ತು ತಿರುಗುವುದನ್ನು ಪುರಸಭೆ ನಿಷೇಧಿಸಿತ್ತು. 1885ರಲ್ಲಿ ಕನ್ಸಾಸ್ ಶಾಸನಸಭೆ ಟೆಕ್ಸಸ್‌ನ ದನಗಳಿಗೆ ಇಡೀ ರಾಜ್ಯದ ಬಾಗಿಲು ಮುಚ್ಚಿದ ಮೇಲೆ ಡಾಡ್ಜ್ ಸಿಟಿಯ ಆ ಯುಗವೂ ಮುಗಿಯಿತು. ಹತ್ತು ವರ್ಷ ಮಾತ್ರ ಇದ್ದ ಒಂದು ವ್ಯಾಪಾರದ ನೆನಪಿನ ಮೇಲೆ ‘ಗನ್‌ಸ್ಮೋಕ್’ 23 ವರ್ಷಗಳ ಕಥನವನ್ನು ಕಟ್ಟಿತು.

1940ರ ದಶಕದ ಕೊನೆಯಲ್ಲಿ ರೇಡಿಯೊದ ವೆಸ್ಟರ್ನ್ ಕಥೆಗಳು ಬಹುಮಟ್ಟಿಗೆ ಮಕ್ಕಳ ಸ್ವತ್ತಾಗಿದ್ದವು. 1933ರಿಂದ ಪ್ರಸಾರವಾಗುತ್ತಿದ್ದ ‘ದ ಲೋನ್ ರೇಂಜರ್’ನ ಮುಖವಾಡದ ವೀರನಾಗಲಿ, ಹಾಡುವ ಕೌಬಾಯ್‌ಗಳಾದ ಜೀನ್ ಆಟ್ರಿ ಮತ್ತು ರಾಯ್ ರೋಜರ್ಸ್ ಆಗಲಿ ಪ್ರತಿನಿಧಿಸಿದ್ದು ಒಳ್ಳೆಯವರು ಗೆದ್ದೇ ಗೆಲ್ಲುವ, ಗುಂಡೇಟಿನಿಂದ ಯಾರಿಗೂ ನಿಜವಾಗಿ ನೋವಾಗದ ಲೋಕವನ್ನು. ಸಿಬಿಎಸ್ ಸಂಸ್ಥೆಯ ಅಧ್ಯಕ್ಷ ವಿಲಿಯಂ ಪೇಲಿಗೆ ರೇಮಂಡ್ ಚಾಂಡ್ಲರ್‌ನ ಪತ್ತೇದಾರ ಫಿಲಿಪ್ ಮಾರ್ಲೋ ಬಹಳ ಮೆಚ್ಚಿನ ಪಾತ್ರವಾಗಿತ್ತು; ಬದುಕಿನ ಕತ್ತಲ ಮಗ್ಗುಲನ್ನು ಕಂಡು ದಣಿದರೂ ಪ್ರಾಮಾಣಿಕತೆ ಬಿಡದ ಅಂಥ ಮನುಷ್ಯನನ್ನು ಹಳೆಯ ಪಶ್ಚಿಮಕ್ಕೆ ಕರೆದೊಯ್ದು ದೊಡ್ಡವರಿಗಾಗಿ ಒಂದು ಸರಣಿ ಮಾಡಬೇಕೆಂದು ಅವನು ಸೂಚಿಸಿದ. 1949ರಲ್ಲಿ ಒಂದೇ ಕಥೆಯನ್ನು ಇಬ್ಬರು ಬೇರೆ ಬೇರೆ ನಟರೊಂದಿಗೆ ಎರಡು ಸಲ ಪ್ರಾಯೋಗಿಕವಾಗಿ ಧ್ವನಿಮುದ್ರಿಸಲಾಯಿತು, ಆಗ ನಾಯಕನ ಹೆಸರು ಮಾರ್ಕ್ ಡಿಲ್ಲನ್ ಎಂದಿತ್ತು. ಎರಡನೆಯ ನಟ ಹೊವರ್ಡ್ ಕಲ್ವರ್ ಮತ್ತೊಂದು ವೆಸ್ಟರ್ನ್ ಸರಣಿಯ ಒಪ್ಪಂದಕ್ಕೆ ಬದ್ಧನಾಗಿದ್ದುದರಿಂದ ಯೋಜನೆ ನಿಂತುಹೋಗಿ ಮೂರು ವರ್ಷ ಕಡತದಲ್ಲಿ ಮಲಗಿತು.

ಅದನ್ನು ಎಬ್ಬಿಸಿದವರು ನಿರ್ಮಾಪಕ-ನಿರ್ದೇಶಕ ನಾರ್ಮನ್ ಮ್ಯಾಕ್‌ಡೊನೆಲ್ ಮತ್ತು ಲೇಖಕ ಜಾನ್ ಮೆಸ್ಟನ್. ಮೆಸ್ಟನ್ ಪಶ್ಚಿಮದ ಕೊಲೊರಾಡೊ ರಾಜ್ಯದ ಪ್ವೆಬ್ಲೊದವನು, ದನ ಮತ್ತು ದನಗಾಹಿಗಳ ನಾಡನ್ನು ಕಣ್ಣಾರೆ ಕಂಡವನು. ಸಿನಿಮಾದ ಹಾಡುವ ಕೌಬಾಯ್‌ಗಳ ಹುಸಿಯನ್ನು ಕಂಡು ರೋಸಿದ್ದವನು. ಅವನ ಡಾಡ್ಜ್ ಸಿಟಿಯಲ್ಲಿ ಹಸಿವು, ಧೂಳು, ಬರ, ಹೆಂಡತಿಯನ್ನು ಹೊಡೆಯುವ ಗಂಡಸರು, ಗುಂಪುಗೂಡಿ ಗಲ್ಲಿಗೇರಿಸಲು ಹೊರಡುವ ನೆರೆಹೊರೆಯವರು, ಮೂಲನಿವಾಸಿಗಳನ್ನು ಕಂಡರೆ ಕಾರಣವಿಲ್ಲದೆ ಗುಂಡಿಕ್ಕುವವರು, ಎಲ್ಲರೂ ಇದ್ದರು. ಮಾರ್ಷಲ್, ಅಂದರೆ ಒಕ್ಕೂಟ ಸರ್ಕಾರ ನೇಮಿಸಿದ ಕಾನೂನು ಅಧಿಕಾರಿ, ಎಷ್ಟೋ ಕಂತುಗಳಲ್ಲಿ ಸ್ಥಳಕ್ಕೆ ಬರುವ ಹೊತ್ತಿಗೆ ಕಾಲ ಮಿಂಚಿರುತ್ತಿತ್ತು. ಡಿಲ್ಲನ್ ಗೆಲ್ಲುತ್ತಿದ್ದ, ಆದರೆ ಗೆದ್ದದ್ದರಿಂದ ಏನಾಯಿತು ಎಂಬ ಪ್ರಶ್ನೆಯನ್ನು ಕೇಳುಗನ ಮನಸ್ಸಿನಲ್ಲಿ ಉಳಿಸಿ ಹೋಗುತ್ತಿದ್ದ.

1952ರ ಡಿಸೆಂಬರ್ 27ರಂದು ಪ್ರಸಾರವಾದ ‘ದ ಕ್ಯಾಬಿನ್’ ಈ ಧೋರಣೆಯ ಅತ್ಯುತ್ತಮ ಉದಾಹರಣೆ. ಹಿಮದ ಬಿರುಗಾಳಿಗೆ ಸಿಕ್ಕಿದ ಡಿಲ್ಲನ್ ಬಯಲಿನಲ್ಲಿ ಕಂಡ ಒಂಟಿ ಮರದ ಮನೆಯೊಂದರಲ್ಲಿ ಆಶ್ರಯ ಕೇಳುತ್ತಾನೆ. ಒಳಗೆ ಇಬ್ಬರು ದರೋಡೆಕೋರರು ಬೆಲ್ ಎಂಬ ತರುಣಿಯ ತಂದೆಯನ್ನು ಕೊಂದು ಅವಳನ್ನು ಸೆರೆಯಿಟ್ಟುಕೊಂಡಿರುತ್ತಾರೆ. ಅವಳ ಮೇಲೆ ಏನು ನಡೆದಿದೆ ಎಂಬುದನ್ನು ಕಥೆ ಬಾಯಿಬಿಟ್ಟು ಹೇಳುವುದಿಲ್ಲ. ಗಾಳಿಯ ಊಳು, ಮನೆಯೊಳಗಿನ ಕಾಲ ಸಪ್ಪಳ, ಅವಳ ಬತ್ತಿಹೋದ ದನಿ, ಇಷ್ಟರಿಂದಲೇ ಕೇಳುಗನಿಗೆ ಎಲ್ಲವೂ ತಿಳಿಯುತ್ತದೆ. ಆ ಇಬ್ಬರೂ ಕೊನೆಗೆ ಸಾಯುತ್ತಾರೆ. ಬೇರೆ ಯಾವ ವೆಸ್ಟರ್ನ್ ಆಗಿದ್ದರೂ ಕಥೆ ಅಲ್ಲಿಗೆ ಮುಗಿಯುತ್ತಿತ್ತು, ಹುಡುಗಿ ಕೃತಜ್ಞತೆಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಮೆಸ್ಟನ್ನನ ಬೆಲ್ ಹಾಗೆ ಮಾಡುವುದಿಲ್ಲ. ಲೋಕದಲ್ಲಿ ಒಳ್ಳೆಯ ಗಂಡಸರೂ ಇದ್ದಾರೆ, ಮನಸ್ಸನ್ನು ಕಹಿಮಾಡಿಕೊಳ್ಳಬೇಡ ಎಂಬ ಡಿಲ್ಲನ್ನನ ಸಮಾಧಾನವನ್ನು ಅವಳು ಪೂರ್ತಿಯಾಗಿ ನಂಬಲಾರಳು, ಅವನಿಂದ ಅದಕ್ಕೆ ಮಾಡುವಂಥದ್ದೂ ಏನೂ ಇಲ್ಲ. ಅರ್ಧ ಗಂಟೆಯ ರೇಡಿಯೊ ನಾಟಕವೊಂದು ಹೆಣ್ಣೊಬ್ಬಳ ಗಾಯವನ್ನು ಇಷ್ಟು ಗೌರವದಿಂದ, ಹುಸಿ ಪರಿಹಾರ ಕೊಡದೆ ನಡೆಸಿಕೊಂಡ ಉದಾಹರಣೆ ಆ ಕಾಲದಲ್ಲಿ ವಿರಳ.

ಈ ಪರಿಣಾಮಕ್ಕೆ ಶಬ್ದ ಕಲಾವಿದರ ಕೊಡುಗೆ ಬರಹಗಾರನ ಕೊಡುಗೆಗಿಂತ ಕಡಿಮೆಯದಲ್ಲ. ಟಾಮ್ ಹ್ಯಾನ್ಲಿ, ರೇ ಕೆಂಪರ್, ಬಿಲ್ ಜೇಮ್ಸ್ ಎಂಬ ಈ ಮೂವರು ಮೈಕಿನ ಮುಂದೆ ವಸ್ತುಗಳಿಂದ ಒಂದು ಊರನ್ನೇ ಕಟ್ಟಿದರು. ಅಂದಿನ ರೂಢಿಯಂತೆ ಪಾತ್ರ ಬಾಗಿಲ ಬಳಿ ಎರಡು ಹೆಜ್ಜೆ ಹಾಕಿದ ಸದ್ದು ಮಾಡಿ ಮಾತಿಗೆ ತೊಡಗಿಸಿದ್ದರೆ ಸಾಕಾಗುತ್ತಿತ್ತು. ‘ಗನ್‌ಸ್ಮೋಕ್’ನಲ್ಲಿ ಮಾರ್ಷಲ್ ಬೀದಿ ದಾಟಬೇಕಾದರೆ ನಿಜವಾಗಿ ದಾಟುತ್ತಾನೆ. ಮಣ್ಣಿನಲ್ಲಿ ಅವನ ಬೂಟಿನ ಸಪ್ಪಳ, ಹಿಮ್ಮಡಿಗೆ ಕಟ್ಟಿದ ಸವಾರಿಯ ಮುಳ್ಳುಗಾಲಿಯ ಕಿಣಿಕಿಣಿ, ಅಂಗಡಿಸಾಲಿನ ಮರದ ಹಲಗೆಯನ್ನು ಏರಿದೊಡನೆ ಬದಲಾಗುವ ಹೆಜ್ಜೆಯ ನಾದ, ದೂರದಲ್ಲಿ ಬೊಗಳುವ ನಾಯಿ, ಪಾನಗೃಹದೊಳಗಿನ ಅಸ್ಪಷ್ಟ ಗುಜುಗುಜು, ಇವು ಮಾತಿನ ಹಿಂದೆ ನಿರಂತರ ನಡೆಯುತ್ತಿರುತ್ತವೆ. ಮ್ಯಾಕ್‌ಡೊನೆಲ್ ನಿರ್ದೇಶನದಲ್ಲಿ ಮೌನಕ್ಕೂ ಜಾಗವಿತ್ತು. ಪ್ರತಿ ಕ್ಷಣವನ್ನೂ ಮಾತು ಅಥವಾ ಸಂಗೀತದಿಂದ ತುಂಬಬೇಕೆಂಬ ರೇಡಿಯೊದ ಭಯ ಅವನಿಗಿರಲಿಲ್ಲ. ರೆಕ್ಸ್ ಕೌರಿ ರಚಿಸಿದ ಶೀರ್ಷಿಕೆ ಸಂಗೀತವೂ ತನ್ನ ಕೆಲಸ ಮುಗಿಸಿ ಹಿಂದೆ ಸರಿಯುತ್ತಿತ್ತು, ಅದೇ ಮಟ್ಟು ಮುಂದೆ ಟೆಲಿವಿಷನ್ನಿನಲ್ಲೂ ಮುಂದುವರಿಯಿತು.

ಡಿಲ್ಲನ್ನನ ದನಿ ವಿಲಿಯಂ ಕಾನ್ರಾಡನದು: ಆಳವಾದ, ಗಂಭೀರವಾದ, ದಣಿವನ್ನೂ ಸಿಟ್ಟನ್ನೂ ಒಂದೇ ವಾಕ್ಯದಲ್ಲಿ ಅಡಗಿಸಿಡಬಲ್ಲ ದನಿ. ಸಹಾಯಕ ಚೆಸ್ಟರ್ ಪ್ರೌಡ್‌ಫುಟ್ ಆಗಿ ಪಾರ್ಲಿ ಬೇರ್, ಊರಿನ ವೈದ್ಯ ‘ಡಾಕ್’ ಚಾರ್ಲ್ಸ್ ಆಡಮ್ಸ್ ಆಗಿ ಹೊವರ್ಡ್ ಮೆಕ್‌ನಿಯರ್, ಲಾಂಗ್ ಬ್ರಾಂಚ್ ಪಾನಗೃಹದ ಕಿಟ್ಟಿ ರಸೆಲ್ ಆಗಿ ಜಾರ್ಜಿಯಾ ಎಲಿಸ್ ಜೊತೆಗೂಡಿದರು. ಮೊದಲ ಕಂತಿನ ಬರಹದಲ್ಲಿ ಚೆಸ್ಟರನಿಗೆ ಹೆಸರೇ ಇರಲಿಲ್ಲವೆಂದೂ ತಾಲೀಮಿನಲ್ಲಿ ನಟರೇ ಅದನ್ನು ಕೂಡಿಸಿದರೆಂದೂ ಹೇಳಲಾಗುತ್ತದೆ. ಕಿಟ್ಟಿಯ ಜೀವನೋಪಾಯವೇನೆಂದು ರೇಡಿಯೊ ಸರಣಿ ಎಂದೂ ಬಿಡಿಸಿ ಹೇಳಲಿಲ್ಲ, ಮರೆಮಾಚಲೂ ಇಲ್ಲ. ಆಕೆ ದೇಹವನ್ನು ಮಾರಿ ಬದುಕುವವಳೆಂದು ನಿರ್ಮಾಪಕರು ಪತ್ರಿಕೆಯವರೆದುರು ಒಪ್ಪಿಕೊಂಡಿದ್ದರು. ಮಾರ್ಷಲನಿಗೆ ಅವಳ ಬಗ್ಗೆ ಇದ್ದ ಆದರ ಅದರಿಂದ ಕುಗ್ಗಲಿಲ್ಲ ಎಂಬುದರಲ್ಲಿ ಈ ಸರಣಿಯ ಪ್ರೌಢತೆ ಕಾಣುತ್ತದೆ.

1950ರ ದಶಕದ ನಡುವಿನಲ್ಲಿ ಜಾಹೀರಾತಿನ ಹಣ ರೇಡಿಯೊವನ್ನು ಬಿಟ್ಟು ಟೆಲಿವಿಷನ್ನಿನ ಕಡೆಗೆ ಹರಿಯತೊಡಗಿದಾಗ ‘ಗನ್‌ಸ್ಮೋಕ್’ ಕೂಡ ಆ ದಾರಿಯಲ್ಲಿ ಸಾಗುವುದು ಅನಿವಾರ್ಯವಾಯಿತು. ಮ್ಯಾಕ್‌ಡೊನೆಲ್ ತನ್ನ ನಟರನ್ನೇ ತೆರೆಗೂ ಒಯ್ಯಬೇಕೆಂದು ಬಯಸಿದ್ದ. ಆದರೆ ಸಿಬಿಎಸ್ ಟೆಲಿವಿಷನ್ ಸರಣಿಯ ಹೊಣೆಯನ್ನು ವೆಸ್ಟರ್ನ್ ಚಿತ್ರಗಳ ನಿರ್ದೇಶಕ ಚಾರ್ಲ್ಸ್ ಮಾರ್ಕ್ವಿಸ್ ವಾರನ್‌ಗೆ ಒಪ್ಪಿಸಿತು. ರೇಡಿಯೊ ನಟರನ್ನು ಕ್ಯಾಮೆರಾ ಪರೀಕ್ಷೆಗೆ ಕರೆದದ್ದು ಉಪಚಾರದ ಮಾತಾಗಿತ್ತು. ಕಾನ್ರಾಡನ ಸ್ಥೂಲ ದೇಹ ನಾಯಕನ ಪಾತ್ರಕ್ಕೆ ಒಗ್ಗದೆಂದು ತೀರ್ಮಾನವಾಯಿತು. ಮೂರು ವರ್ಷ ಲಕ್ಷಾಂತರ ಮನೆಗಳಲ್ಲಿ ಮ್ಯಾಟ್ ಡಿಲ್ಲನ್ ಆಗಿ ಬಾಳಿದವನಿಗೆ ಆ ಹೆಸರಿನ ಮೇಲೆ ಹಕ್ಕಿಲ್ಲದಂತಾದದ್ದು ಪ್ರಸಾರ ಉದ್ಯಮದ ನಿಷ್ಠುರತೆಗೆ ಸಾಕ್ಷಿ, ಇದನ್ನು ಕೇವಲ ವ್ಯವಹಾರದ ಲೆಕ್ಕವೆಂದು ತಳ್ಳಿಹಾಕುವುದು ಸರಿಯಲ್ಲ. ವಿಶೇಷವೆಂದರೆ ರೇಡಿಯೊ ಸರಣಿ ನಿಲ್ಲಲಿಲ್ಲ. 1955ರಿಂದ 1961ರವರೆಗೆ ಡಾಡ್ಜ್ ಸಿಟಿಗೆ ಇಬ್ಬರು ಮಾರ್ಷಲರು, ಇಬ್ಬರು ವೈದ್ಯರು, ಇಬ್ಬರು ಕಿಟ್ಟಿಯರು ಇದ್ದರು. ಟೆಲಿವಿಷನ್ನಿನ ಆರಂಭದ ವರ್ಷಗಳ ಕಂತುಗಳಲ್ಲಿ ಬಹಳಷ್ಟು ಮೆಸ್ಟನ್ನನ ರೇಡಿಯೊ ಬರಹಗಳ ರೂಪಾಂತರಗಳೇ ಆಗಿದ್ದವು, ‘ದ ಕ್ಯಾಬಿನ್’ ಕೂಡ 1958ರಲ್ಲಿ ತೆರೆಗೆ ಬಂದಿತು.

ತೆರೆಯ ಡಿಲ್ಲನ್ ಆದವನು ಜೇಮ್ಸ್ ಆರ್ನೆಸ್, ಆರು ಅಡಿ ಏಳು ಅಂಗುಲ ಎತ್ತರದ ಆಳು. ಎರಡನೆಯ ಮಹಾಯುದ್ಧದಲ್ಲಿ, 1944ರಲ್ಲಿ, ಇಟಲಿಯ ಆಂಜಿಯೊ ಕಡಲತೀರದ ಕಾಳಗದಲ್ಲಿ ಅವನ ಬಲಗಾಲಿಗೆ ಬಿದ್ದ ಗುಂಡುಗಳ ನೋವು ಜೀವನಪೂರ್ತಿ ಉಳಿಯಿತು, ಕುದುರೆ ಏರಿ ಇಳಿಯುವ ದೃಶ್ಯಗಳು ಅವನನ್ನು ಬಾಧಿಸುತ್ತಿದ್ದವು. ಹೆಸರಾಂತ ನಟ ಜಾನ್ ವೇನ್ ತನ್ನ ಚಿತ್ರಸಂಸ್ಥೆಯಲ್ಲಿದ್ದ ಈ ಕಿರಿಯನನ್ನು ಶಿಫಾರಸು ಮಾಡಿದ್ದಲ್ಲದೆ ಮೊದಲ ಕಂತಿನ ಆರಂಭದಲ್ಲಿ ತಾನೇ ಬಂದು ಪ್ರೇಕ್ಷಕರಿಗೆ ಪರಿಚಯಿಸಿದ. ವೇನ್‌ಗೇ ಆ ಪಾತ್ರ ಮೊದಲು ಬಂದಿತ್ತು, ಅವನು ಬೇಡವೆಂದ ಎಂಬ ಕಥೆ ಬಹಳ ಪ್ರಚಲಿತವಾದರೂ ವಿವಾದಾಸ್ಪದ. ಮೊದಲ ಕಂತಿನ ಕಥೆಯೇ ಸರಣಿಯ ಮನೋಧರ್ಮವನ್ನು ಸಾರುವಂತಿತ್ತು: ಡಾಡ್ಜ್ ಸಿಟಿಗೆ ಬಂದ ಡ್ಯಾನ್ ಗ್ರಾಟ್ ಎಂಬ ಕೊಲೆಗಾರ ಮಾರ್ಷಲನಿಗಿಂತ ಚುರುಕಾಗಿ ಬಂದೂಕು ಸೆಳೆದು ಅವನನ್ನು ಸಾಯುವ ಸ್ಥಿತಿಗೆ ತರುತ್ತಾನೆ. ಹಾಸಿಗೆ ಹಿಡಿದು ಚೇತರಿಸಿಕೊಳ್ಳುವಾಗ ಡಿಲ್ಲನ್ನನಿಗೆ ಹೊಳೆಯುವ ಸಂಗತಿಯೆಂದರೆ, ಆ ಮನುಷ್ಯನ ಕೈ ಎಷ್ಟೇ ವೇಗವಾದರೂ ಗುರಿ ತಪ್ಪದಿರಬೇಕಾದರೆ ಎದುರಾಳಿಯ ತೀರ ಹತ್ತಿರಕ್ಕೆ ಬರಲೇಬೇಕು. ಎರಡನೆಯ ಸಲ ಎದುರಾದಾಗ ಮಾರ್ಷಲ್ ಅವನನ್ನು ದೂರದಲ್ಲೇ ತಡೆಯುತ್ತಾನೆ. ನಾಯಕನನ್ನು ಸೋಲಿಸಿ, ಅನಂತರ ಶೌರ್ಯಕ್ಕಿಂತ ಹೆಚ್ಚಾಗಿ ಅವನ ವಿಚಾರಶಕ್ತಿಯ ಮೂಲಕ ಗೆಲ್ಲಿಸುವ ಈ ಆರಂಭಕ್ಕೆ ಧೈರ್ಯ ಬೇಕಾಗಿತ್ತು.

ಡೆನಿಸ್ ವೀವರ್ ಅಭಿನಯಿಸಿದ ಚೆಸ್ಟರ್, ಇಲ್ಲಿ ಅವನ ಅಡ್ಡಹೆಸರು ಗೂಡ್, ಒಂದು ಕಾಲನ್ನು ಮಡಿಸಲಾರದೆ ಕುಂಟುತ್ತಾನೆ. ಗಟ್ಟಿಮುಟ್ಟಾದ ತರುಣನೊಬ್ಬ ಕಾಳಗಕ್ಕೆ ಇಳಿಯದೆ ಸಹಾಯಕನಾಗಿಯೇ ಉಳಿಯುವುದಕ್ಕೆ ಕಾರಣ ಬೇಕಾಗಿದ್ದರಿಂದ ಈ ಕುಂಟನ್ನು ಕಲ್ಪಿಸಲಾಯಿತು. ಮಿಲ್ಬರ್ನ್ ಸ್ಟೋನ್ ಡಾಕ್ ಆಡಮ್ಸ್ ಆದ, ಆಮಂಡಾ ಬ್ಲೇಕ್ 19 ಸೀಸನ್‌ಗಳ ಕಾಲ ಕಿಟ್ಟಿಯಾದಳು. ತೆರೆಯ ಮೇಲೆ ಕಿಟ್ಟಿ ಲಾಂಗ್‌ಬ್ರಾಂಚಿನ ಒಡತಿಯಾಗಿ ಬಡ್ತಿ ಪಡೆದಳು, ರೇಡಿಯೊದಲ್ಲಿ ಸೂಚ್ಯವಾಗಿದ್ದ ಅವಳ ಬದುಕಿನ ಕಠೋರತೆಯನ್ನು ಟೆಲಿವಿಷನ್ ನಯಮಾಡಿತು. ಅವಳ ಮತ್ತು ಮ್ಯಾಟ್‌ನ ನಡುವಿನ ಸಂಬಂಧ ಮದುವೆಯವರೆಗೂ ಬರದೆ, ಮುರಿಯಲೂ ಇಲ್ಲದೆ ಎರಡು ದಶಕ ಸಾಗಿತು.

‘ಗನ್‌ಸ್ಮೋಕ್’ಗೆ ನಾಲ್ಕು ದಿನ ಮೊದಲು ವಯಟ್ ಅರ್ಪ್‌ನ ಜೀವನವನ್ನು ಆಧರಿಸಿದ ಸರಣಿಯೂ ಅದೇ ತಿಂಗಳು ‘ಶಯೆನ್’ ಸರಣಿಯೂ ಬೇರೆ ಜಾಲದಲ್ಲಿ ಆರಂಭವಾಗಿದ್ದವು. 1959ರ ಹೊತ್ತಿಗೆ ಅಮೆರಿಕದ ಸಂಜೆಯ ಮುಖ್ಯ ಪ್ರಸಾರ ವೇಳೆಯಲ್ಲಿ ಸುಮಾರು 30 ವೆಸ್ಟರ್ನ್‌ಗಳು ನಡೆಯುತ್ತಿದ್ದವು. ಅವುಗಳ ಮುಂಚೂಣಿಯಲ್ಲಿ ‘ಗನ್‌ಸ್ಮೋಕ್’ 1957ರಿಂದ 1961ರವರೆಗೆ ಸತತ ನಾಲ್ಕು ಸೀಸನ್ ವೀಕ್ಷಕರ ಎಣಿಕೆಯಲ್ಲಿ ಮೊದಲನೆಯ ಸ್ಥಾನದಲ್ಲಿತ್ತು. 1961ರಲ್ಲಿ ಕಂತಿನ ಅವಧಿ ಅರ್ಧ ಗಂಟೆಯಿಂದ ಒಂದು ಗಂಟೆಗೆ ಏರಿತು. ಹಳೆಯ 233 ಅರ್ಧ ಗಂಟೆಯ ಕಂತುಗಳ ಬಿಗಿ ಈ ಬದಲಾವಣೆಯಿಂದ ಸಡಿಲವಾಯಿತು ಎಂಬುದನ್ನು ಒಪ್ಪಲೇಬೇಕು. ಆದರೆ ಕಥೆಯ ಭಾರ ಮಾರ್ಷಲನಿಂದ ಊರಿನ ಕಡೆಗೂ ಹೊರಗಿನಿಂದ ಬರುವ ಅತಿಥಿ ಪಾತ್ರಗಳ ಕಡೆಗೂ ಹರಿಯಿತು, ದೀರ್ಘಾಯುಷ್ಯಕ್ಕೆ ಮುಖ್ಯ ಕಾರಣ ಇದೇ. 1964ರಲ್ಲಿ ವೀವರ್ ಸರಣಿಯನ್ನು ಬಿಟ್ಟಾಗ ಕೆನ್ ಕರ್ಟಿಸ್‌ನ ಫೆಸ್ಟಸ್ ಹ್ಯಾಗನ್, ಅಕ್ಷರ ಬಾರದ, ಕೊಳಕು ಬಟ್ಟೆಯ, ಡಾಕ್‌ನೊಂದಿಗೆ ಸದಾ ಜಗಳವಾಡುವ ಗುಡ್ಡಗಾಡಿನವನು, ಆ ಜಾಗ ತುಂಬಿದ. ಮುಂದೆ ಸಿನಿಮಾ ತಾರೆಯಾದ ಬರ್ಟ್ ರೆನಾಲ್ಡ್ಸ್ 1962ರಿಂದ 1965ರವರೆಗೆ ಅರ್ಧ ಕಮಾಂಚಿ ರಕ್ತದ ಕಮ್ಮಾರನಾಗಿ ಕಾಣಿಸಿಕೊಂಡ.

1966ರಲ್ಲಿ ಸರಣಿಗೆ ಬಣ್ಣ ಬಂದರೂ ವೀಕ್ಷಕರು ಕರಗುತ್ತಿದ್ದರು, 1967ರಲ್ಲಿ ಸಿಬಿಎಸ್ ಅದನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಆಗ ಸರಣಿಯ ಮೂಲ ಪ್ರೇರಕನಾದ ಪೇಲಿಯೇ ಮಧ್ಯೆ ಬಂದು ತೀರ್ಮಾನವನ್ನು ತಿರುಗಿಸಿದ. ಜಾಗ ಮಾಡಿಕೊಡಲು ‘ಗಿಲ್ಲಿಗನ್ಸ್ ಐಲ್ಯಾಂಡ್’ ಎಂಬ ಹಾಸ್ಯ ಸರಣಿಯನ್ನು ಕೈಬಿಟ್ಟು, ‘ಗನ್‌ಸ್ಮೋಕ್’ ಅನ್ನು ಶನಿವಾರದ ತಡರಾತ್ರಿಯಿಂದ ಸೋಮವಾರದ ಮುಸ್ಸಂಜೆಗೆ, ಮನೆಮಂದಿಯೆಲ್ಲ ಕೂತು ನೋಡುವ ಹೊತ್ತಿಗೆ ಬದಲಿಸಲಾಯಿತು. ಮರುವರ್ಷವೇ ಅದು ನಾಲ್ಕನೆಯ ಸ್ಥಾನಕ್ಕೆ ಏರಿತು. ನಿರ್ಮಾಪಕ ಜಾನ್ ಮ್ಯಾಂಟ್ಲಿಯ ಈ ಕಾಲದಲ್ಲಿ, ದೇಶದಲ್ಲಿ ರಾಜಕೀಯ ಕೊಲೆಗಳ ನಂತರ ಟೆಲಿವಿಷನ್ನಿನ ಹಿಂಸೆಯ ವಿರುದ್ಧ ಎದ್ದ ಟೀಕೆಯಿಂದಾಗಿ ಗುಂಡಿನ ಸದ್ದು ಕಡಿಮೆಯಾಯಿತು; ಪ್ರತಿ ವಾರ ಆರಂಭದಲ್ಲಿ ತೋರಿಸುತ್ತಿದ್ದ ಬೀದಿಯ ದ್ವಂದ್ವಯುದ್ಧದ ಬದಲು ಡಿಲ್ಲನ್ ಕುದುರೆ ಸವಾರಿ ಮಾಡುವ ದೃಶ್ಯ ಬಂದಿತು.

ಈ ಸರಣಿಯ ದೊಡ್ಡ ಲೋಪವನ್ನು ಅದರ ಮೇಲಿನ ಪ್ರೀತಿ ಮುಚ್ಚಬಾರದು. ಟೆಕ್ಸಸ್‌ನಿಂದ ದನ ಹೊಡೆದುಕೊಂಡು ಬಂದ ನಿಜವಾದ ಕೌಬಾಯ್‌ಗಳಲ್ಲಿ ಕಪ್ಪು ಜನರೂ ಮೆಕ್ಸಿಕೊ ಮೂಲದವರೂ ದೊಡ್ಡ ಪ್ರಮಾಣದಲ್ಲಿದ್ದರು. ತೆರೆಯ ಡಾಡ್ಜ್ ಸಿಟಿಯಲ್ಲಿ ಬಹುಕಾಲ ಅವರ ಸುಳಿವೇ ಕಡಿಮೆ. ಮೂಲನಿವಾಸಿಗಳ ಬಗ್ಗೆ ಮೆಸ್ಟನ್ ಅನುಕಂಪದಿಂದ ಬರೆದರೂ ಆ ಪಾತ್ರಗಳನ್ನು ಹೆಚ್ಚಾಗಿ ಬಿಳಿಯ ನಟರೇ ಬಣ್ಣ ಹಚ್ಚಿಕೊಂಡು ಮಾಡಿದರು. ಬಿಳಿಯರ ಕ್ರೌರ್ಯವನ್ನು ತೋರಿಸಲು ಹಿಂಜರಿಯದ ಸರಣಿಯೊಂದು ಆ ಕ್ರೌರ್ಯಕ್ಕೆ ತುತ್ತಾದವರಿಗೆ ತಮ್ಮದೇ ಮುಖವನ್ನು ಕೊಡಲಿಲ್ಲ.

1975ರಲ್ಲಿ ಸರಣಿಯನ್ನು ನಿಲ್ಲಿಸಿದಾಗ ವಿದಾಯದ ಕಂತನ್ನು ಚಿತ್ರಿಸುವ ಅವಕಾಶವೂ ತಂಡಕ್ಕೆ ಸಿಗಲಿಲ್ಲ. ಆರ್ನೆಸ್ 1987ರಿಂದ 1994ರವರೆಗೆ ಐದು ಟೆಲಿವಿಷನ್ ಚಿತ್ರಗಳಲ್ಲಿ ಮತ್ತೆ ಮ್ಯಾಟ್ ಡಿಲ್ಲನ್ ಆದ, 2011ರಲ್ಲಿ ತೀರಿಕೊಂಡ. ಕಾನ್ರಾಡ್ 1971ರಲ್ಲಿ ಆರಂಭವಾದ ‘ಕ್ಯಾನನ್’ ಎಂಬ ಪತ್ತೇದಾರಿ ಸರಣಿಯ ನಾಯಕನಾಗಿ ಅದೇ ಸಿಬಿಎಸ್ ಜಾಲದಲ್ಲಿ ಐದು ಸೀಸನ್ ನಟಿಸಿದ. ಹದಿನಾರು ವರ್ಷ ಹಿಂದೆ ನಾಯಕನಿಗೆ ಸಲ್ಲದೆಂದು ತಿರಸ್ಕೃತವಾದ ಅದೇ ಮೈಕಟ್ಟು ಈಗ ಆ ಪಾತ್ರದ ಗುರುತಾಗಿತ್ತು. 635 ಕಂತುಗಳ ದಾಖಲೆಯನ್ನು 2018ರಲ್ಲಿ ‘ದ ಸಿಂಪ್ಸನ್ಸ್’ ಎಂಬ ವ್ಯಂಗ್ಯಚಿತ್ರ ಸರಣಿಯೂ, ಇಪ್ಪತ್ತು ಸೀಸನ್‌ಗಳ ದಾಖಲೆಯನ್ನು 2019ರಲ್ಲಿ ‘ಲಾ ಅಂಡ್ ಆರ್ಡರ್’ ಸರಣಿಯ ಕವಲೊಂದೂ ಮೀರಿದವು. ಆ ಹೋಲಿಕೆಗಳಲ್ಲಿ ಎಲ್ಲರೂ ಎಣಿಸಿದ್ದು ಟೆಲಿವಿಷನ್ನಿನ ಕಂತುಗಳನ್ನು ಮಾತ್ರ. ರೇಡಿಯೊದ 480 ಕಂತುಗಳಲ್ಲಿ ಬಹುಪಾಲು ಧ್ವನಿಮುದ್ರಿಕೆಗಳಾಗಿ ಉಳಿದಿವೆ. ತೆರೆಯ ಮೇಲೆ ರೂಪಾಂತರಗೊಂಡ ಕಥೆಯನ್ನು ಅದರ ಮೂಲದ ಪಕ್ಕದಲ್ಲಿಟ್ಟು ಕೇಳುವವರಿಗೆ ಎರಡರ ತಾರತಮ್ಯವನ್ನು ತಾವೇ ನಿರ್ಣಯಿಸುವುದು ಇಂದಿಗೂ ಸಾಧ್ಯವಿದೆ.